ಫೆರಿಯ ವೇಳಾಪಟ್ಟಿಯಿಂದ ಆರಂಭಿಸಿ: ಬೋಡೊದಿಂದ ಟ್ರೊಮ್ಸೊವರೆಗೆ ಕಾರಿನಲ್ಲಿ ಹೋಗುವ ಬಗೆ

ಉತ್ತರ ನಾರ್ವೆಯ ದ್ವೀಪಗಳನ್ನು ತಾವೇ ಕಾರು ಓಡಿಸಿಕೊಂಡು ಸುತ್ತಬೇಕೆಂದಿರುವವರು ನಕ್ಷೆಗಿಂತ ಮೊದಲು ಫೆರಿಗಳ ವೇಳಾಪಟ್ಟಿಯನ್ನು ಹರಡಿಕೊಂಡು ಕೂರಬೇಕು. ಬೋಡೊದಿಂದ ಹೊರಟು ಲೊಫೋಟೆನ್, ವೆಸ್ಟರೋಲನ್ ಮತ್ತು ಸೆನ್ಯಾ ದ್ವೀಪಗಳ ಮೂಲಕ ಟ್ರೊಮ್ಸೊ ಸೇರುವ ಈ ದಾರಿಯಲ್ಲಿ ಕಾರನ್ನು ನಾಲ್ಕು ಬಾರಿ ಹಡಗಿಗೆ ಏರಿಸಬೇಕಾಗುತ್ತದೆ. ಅವುಗಳಲ್ಲಿ ಅಂಡೆನೆಸ್‌ನಿಂದ ಗ್ರಿಲ್ಲೆಫ್ಯೋರ್ಡ್‌ಗೆ ಹೋಗುವ ಫೆರಿ ಬೇಸಿಗೆಯದು. ಅದು ಇದ್ದರೆ ಸುಮಾರು ಒಂದೂಮುಕ್ಕಾಲು ಗಂಟೆಯಲ್ಲಿ ಸೆನ್ಯಾ ಮುಟ್ಟಬಹುದು. ಇಲ್ಲದಿದ್ದರೆ ಹಿನ್ನೊಯಾ ದ್ವೀಪವನ್ನು ದಾಟಿ, ಮುಖ್ಯಭೂಮಿಯ ಇ-6 ಹೆದ್ದಾರಿ ಹಿಡಿದು, ಫಿನ್ಸ್‌ನೆಸ್‌ನ ಸೇತುವೆಯ ಮೇಲಿಂದ ಅದೇ ದ್ವೀಪಕ್ಕೆ ಬರುವಷ್ಟರಲ್ಲಿ ದಿನದ ಬಹುಭಾಗ ಕಳೆದಿರುತ್ತದೆ. ಆದ್ದರಿಂದ ಈ ಫೆರಿಯ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸುವುದು ಒಳ್ಳೆಯದು.

ಕಾಲದ ಆಯ್ಕೆಯೂ ಇದರ ಜೊತೆಗೇ ಆಗಬೇಕು. ಇಡೀ ದಾರಿ ಆರ್ಕ್ಟಿಕ್ ವೃತ್ತದ ಉತ್ತರಕ್ಕಿದೆ. ಲೊಫೋಟೆನ್ ಸುಮಾರು 68ನೆಯ ಅಕ್ಷಾಂಶದಲ್ಲಿದ್ದರೆ ಟ್ರೊಮ್ಸೊ 69 ದಾಟಿದೆ. ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದಿಲ್ಲ. ಲೊಫೋಟೆನ್‌ನಲ್ಲಿ ಈ ಅವಧಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಇರುತ್ತದೆ. ಧ್ರುವಪ್ರಭೆಯನ್ನೂ ನೋಡಬೇಕೆನ್ನುವವರು ಆಗಸ್ಟ್ ಕೊನೆಯ ವಾರವನ್ನು ಆರಿಸಿಕೊಳ್ಳಬಹುದು. ಆಗ ರಾತ್ರಿಗೆ ಕತ್ತಲು ಮರಳಿರುತ್ತದೆ, ಬೇಸಿಗೆಯ ಫೆರಿಯೂ ಸಾಮಾನ್ಯವಾಗಿ ಓಡುತ್ತಿರುತ್ತದೆ. ಹಿಮದ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರು ಚಳಿಗಾಲದಲ್ಲಿ ಈ ಸಾಹಸಕ್ಕೆ ಕೈಹಾಕದಿರುವುದೇ ಲೇಸು.

ಅಡ್ಡದಾರಿಗಳನ್ನು ಬಿಟ್ಟರೆ ರಸ್ತೆಯ ಒಟ್ಟು ದೂರ ಸುಮಾರು 500 ಕಿಲೋಮೀಟರ್. ನಮ್ಮಲ್ಲಿ ಇದನ್ನು ಒಂದು ಹಗಲಿನ ಪ್ರಯಾಣವೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಇದಕ್ಕೆ ಹತ್ತು ರಾತ್ರಿಗಳನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಪ್ರತಿ ರಾತ್ರಿ ಊರು ಬದಲಿಸುವ ಬದಲು ಐದು ಕಡೆ ಎರಡೆರಡು ರಾತ್ರಿ ತಂಗಿದರೆ, ಒಂದು ದಿನ ಮೋಡ ಕವಿದು ಬೆಟ್ಟವೇ ಕಾಣದಿದ್ದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ.

ಬೋಡೊದಿಂದ ಮೊಸ್ಕೆನೆಸ್‌ಗೆ ನೇರ ಫೆರಿಯಲ್ಲಿ ಮೂರರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಇದು ತೆರೆದ ಸಮುದ್ರ. ಹಡಗು ಹೊರಟ ಮೇಲೆ ಕಾರು ನಿಲ್ಲಿಸಿದ ಕೆಳಗಿನ ಅಂತಸ್ತಿಗೆ ಮರಳಲು ಬಿಡುವುದಿಲ್ಲವಾದ್ದರಿಂದ ಸ್ವೆಟರ್, ನೀರು ಮತ್ತು ವಾಂತಿಯ ಮಾತ್ರೆಯನ್ನು ಮೊದಲೇ ಕೈಚೀಲಕ್ಕೆ ಹಾಕಿಕೊಂಡು ಮೇಲೆ ಹೋಗಬೇಕು. ಮೊಸ್ಕೆನೆಸ್‌ನಲ್ಲಿ ಇಳಿದರೆ ದಕ್ಷಿಣಕ್ಕೆ ಇ-10 ರಸ್ತೆ ಕೊನೆಗೊಳ್ಳುವ, ಒಂದೇ ಅಕ್ಷರದ ಹೆಸರಿನ ಓ ಎಂಬ ಹಳ್ಳಿಯಿದೆ. ಉತ್ತರಕ್ಕೆ ರೈನೆ, ಸಕ್ರಿಸೊಯ್ ಮತ್ತು ಹಾಮ್ನೊಯ್‌ಗಳಿವೆ. ಮೊದಲ ಎರಡು ರಾತ್ರಿಗಳನ್ನು ಇಲ್ಲಿಯೇ ಕಳೆಯಬೇಕು. ರೈನೆಯ ಮೇಲಿನ 448 ಮೀಟರ್ ಎತ್ತರದ ರೈನೆಬ್ರಿಂಗೆನ್ ಬೆಟ್ಟಕ್ಕೆ ನೇಪಾಳದ ಶೆರ್ಪಾಗಳು ಬಂದು ಕಲ್ಲಿನ ಮೆಟ್ಟಿಲು ಕಟ್ಟಿಕೊಟ್ಟಿದ್ದಾರೆ. ಮೆಟ್ಟಿಲುಗಳು ಎರಡು ಸಾವಿರದ ಹತ್ತಿರವಿದ್ದು, ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಶ್ರಮ. ಮಳೆ ಬಂದ ದಿನ ಏರಬಾರದು.

ತಂಗಲು ಇಲ್ಲಿ ರೊರ್ಬು ಸಿಗುತ್ತದೆ. ರೊರ್ಬು ಎಂದರೆ ದೂರದೂರಿನಿಂದ ದೋಣಿ ಹುಟ್ಟು ಹಾಕಿಕೊಂಡು ಬರುತ್ತಿದ್ದ ಮೀನುಗಾರರು ಚಳಿಗಾಲದಲ್ಲಿ ಉಳಿಯುತ್ತಿದ್ದ, ಕಂಬಗಳ ಮೇಲೆ ಅರ್ಧ ನೀರಿನತ್ತ ಚಾಚಿಕೊಂಡ ಮರದ ಮನೆ. ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನು ಮೊಟ್ಟೆಯಿಡಲು ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಬರುವುದರಿಂದಲೇ ಈ ಊರುಗಳು ಹುಟ್ಟಿಕೊಂಡವು. ರಸ್ತೆಯ ಪಕ್ಕದ ಮರದ ಅಟ್ಟಣಿಗೆಗಳಲ್ಲಿ ಬಾಲ ಕಟ್ಟಿ ಜೋಡಿಯಾಗಿ ನೇತುಹಾಕಿದ ಮೀನು ಉಪ್ಪಿಲ್ಲದೆ, ಬರೀ ಗಾಳಿ ಮತ್ತು ಚಳಿಯಲ್ಲಿ ಒಣಗುತ್ತದೆ. ಜೂನ್ ಆರಂಭದಲ್ಲಿ ಹೋದವರಿಗೆ ಕಿಟಕಿ ತೆರೆದರೆ ಆ ವಾಸನೆ ಬರಬಹುದು. ಮಲ್ಪೆಯ ಕಡೆಯವರಿಗೆ ಅದು ಹೊಸದೇನಲ್ಲ, ಸಸ್ಯಾಹಾರಿಗಳು ಮಾತ್ರ ಬುಕಿಂಗ್ ಮಾಡುವಾಗ ಅಟ್ಟಣಿಗೆಗಳಿಂದ ದೂರದ ಮನೆಯನ್ನು ಕೇಳಿಕೊಳ್ಳುವುದು ವಾಸಿ.

ಮುಂದೆ ಸ್ವೊಲ್ವಾರ್ ಅಥವಾ ಹೆನಿಂಗ್ಸ್‌ವಾರ್‌ನಲ್ಲಿ ಎರಡು ರಾತ್ರಿ. ದಾರಿಯಲ್ಲಿ ಬೊರ್ಗ್ ಎಂಬಲ್ಲಿ 83 ಮೀಟರ್ ಉದ್ದದ ವೈಕಿಂಗ್ ನಾಯಕನ ಮನೆಯ ಅವಶೇಷ ಸಿಕ್ಕಿ, ಅದರ ಮರುನಿರ್ಮಾಣವೇ ಈಗ ವಸ್ತುಸಂಗ್ರಹಾಲಯವಾಗಿದೆ. ಸ್ವೊಲ್ವಾರ್‌ನಿಂದ ದೋಣಿಯಲ್ಲಿ ಟ್ರೊಲ್‌ಫ್ಯೋರ್ಡ್‌ಗೆ ಹೋಗಿ ಬರಬಹುದು. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫ್ಯೋರ್ಡ್. ಇದರ ಬಾಯಿಯ ಅಗಲ ನೂರು ಮೀಟರ್‌ನಷ್ಟೇ ಇರುವುದರಿಂದ ಎರಡೂ ಬದಿಯ ಬಂಡೆ ಮೈಮೇಲೆ ಬಂದಂತೆ ಕಾಣುತ್ತದೆ.

ಫಿಸ್ಕೆಬೊಲ್‌ನಿಂದ ಮೆಲ್ಬುಗೆ ಸಣ್ಣ ಫೆರಿಯಲ್ಲಿ ದಾಟಿ ಸೊರ್ಟ್‌ಲಾಂಡ್ ಮೂಲಕ ಅಂಡೊಯಾ ದ್ವೀಪಕ್ಕೆ ಬಂದಾಗ ದಾರಿ ಎರಡಾಗಿ ಒಡೆಯುತ್ತದೆ. ಪೂರ್ವದ ರಸ್ತೆಯನ್ನು ಬಿಟ್ಟು, ಬ್ಲೈಕ್ ಹಳ್ಳಿಯ ಮೂಲಕ ಸಾಗುವ ಪಶ್ಚಿಮ ತೀರದ ರಸ್ತೆಯನ್ನೇ ಹಿಡಿಯಿರಿ. ಅಂಡೆನೆಸ್‌ನ ಹತ್ತಿರ ಸಮುದ್ರತಳ ಆಳವಾದ ಕಮರಿಯಾಗಿ ಇಳಿಯುವುದರಿಂದ ದಡದಿಂದ ಹೆಚ್ಚು ದೂರ ಹೋಗದೆಯೇ ಸ್ಪರ್ಮ್ ತಿಮಿಂಗಿಲಗಳನ್ನು ನೋಡಬಹುದು. ದೋಣಿಯವರು ಗಾಳಿ ನೋಡಿ ಪ್ರವಾಸ ರದ್ದುಮಾಡುವುದುಂಟು, ಇಲ್ಲಿ ಎರಡು ರಾತ್ರಿ ಇರಬೇಕೆನ್ನುವುದು ಅದಕ್ಕೇ. ಗ್ರಿಲ್ಲೆಫ್ಯೋರ್ಡ್‌ನಲ್ಲಿ ಇಳಿದ ಮೇಲೆ ಸೆನ್ಯಾದ ಹೊರತೀರದ ರಸ್ತೆಯಲ್ಲಿ ಬರ್ಗ್ಸ್‌ಬೊಟ್ನ್ ಮತ್ತು ತುಂಗೆನೆಸೆಟ್ ಎಂಬೆರಡು ಕಡೆ ಕಾರು ನಿಲ್ಲಿಸಬೇಕು. ಬೊಟ್ನ್‌ಹಾಮ್ನ್‌ನಿಂದ ಕೊನೆಯ ಫೆರಿ ಬ್ರೆನ್ಸ್‌ಹೋಲ್ಮೆನ್‌ಗೆ; ಅಲ್ಲಿಂದ ಟ್ರೊಮ್ಸೊಗೆ ಒಂದು ಗಂಟೆಯ ಹಾದಿ.

ಇನ್ನು ಕಾರು ಓಡಿಸುವ ವಿಷಯ. ನಾರ್ವೆಯಲ್ಲಿ ರಸ್ತೆಯ ಬಲಕ್ಕೆ ಚಲಿಸಬೇಕು, ಸ್ಟೀರಿಂಗ್ ಎಡಕ್ಕಿರುತ್ತದೆ. ಗೇರ್ ಹುಡುಕುವ ಎಡಗೈ ಮೊದಲ ದಿನವೆಲ್ಲ ಬಾಗಿಲನ್ನೇ ತಡವುತ್ತಿರುತ್ತದೆ. ಆಟೊಮ್ಯಾಟಿಕ್ ಕಾರನ್ನು ಕೇಳಿ ಪಡೆದರೆ ಒಂದು ತಾಪತ್ರಯ ತಪ್ಪುತ್ತದೆ. ತಪ್ಪು ಆಗುವುದು ಸಾಮಾನ್ಯವಾಗಿ ಹೆದ್ದಾರಿಯಲ್ಲಲ್ಲ, ಖಾಲಿ ಪಾರ್ಕಿಂಗ್‌ನಿಂದ ಹೊರಬರುವಾಗ, ಎದುರಿಗೆ ಇನ್ನೊಂದು ವಾಹನವಿಲ್ಲದೆ ಹಳೆಯ ಅಭ್ಯಾಸ ಎಡಕ್ಕೆ ಎಳೆದಾಗ. ಹಗಲಿನಲ್ಲಿಯೂ ಹೆಡ್‌ಲೈಟ್ ಉರಿಯುತ್ತಿರಬೇಕೆಂಬುದು ಕಾನೂನು. ಊರೊಳಗೆ 50, ಹೊರಗೆ 80 ಕಿಲೋಮೀಟರ್ ಸಾಮಾನ್ಯ ವೇಗಮಿತಿ. ದಂಡ ಬಹಳ ದುಬಾರಿ. ಕಿರಿದಾದ ರಸ್ತೆಗಳಲ್ಲಿ ನೀಲಿ ಫಲಕದ ಮೇಲೆ ಬಿಳಿಯ ಎಂ ಅಕ್ಷರ ಕಂಡರೆ ಅಲ್ಲಿ ಎದುರಿನವರಿಗೆ ದಾರಿ ಬಿಡುವ ಜಾಗವಿದೆ ಎಂದರ್ಥ. ಆ ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ನುಗ್ಗದೆ, ಅದರ ನೇರಕ್ಕೆ ರಸ್ತೆಯಲ್ಲಿಯೇ ನಿಂತು, ಎದುರಿನ ಕಾರು ಅದರೊಳಗೆ ಸರಿದು ಹೋಗಲು ಬಿಡಬೇಕು. ಫೋಟೊ ತೆಗೆಯಲು ಆ ಜಾಗದಲ್ಲಿ ಕಾರು ನಿಲ್ಲಿಸುವುದು ಸ್ಥಳೀಯರನ್ನು ಕೆರಳಿಸುತ್ತದೆ, ಅವರ ಸಿಟ್ಟು ನ್ಯಾಯವಾದದ್ದೇ. ನಡುರಾತ್ರಿಯ ಬೆಳಕಿನಲ್ಲಿ ದಣಿವು ತಿಳಿಯುವುದಿಲ್ಲವಾದ್ದರಿಂದ ಗಡಿಯಾರ ನೋಡಿಯೇ ಮಲಗಬೇಕು. ಕಣ್ಣಿಗೆ ಕಟ್ಟುವ ಪಟ್ಟಿ ಜೊತೆಗಿರಲಿ.

ದಾಖಲೆಗಳಲ್ಲಿ ಷೆಂಗೆನ್ ವೀಸಾ ಮತ್ತು ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಹಾಕಬಹುದು. ನಿಮ್ಮ ಆರ್‌ಟಿಒ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಲೈಸೆನ್ಸ್ ಜೊತೆಗೆ ಇಟ್ಟುಕೊಳ್ಳಿ. ಬೋಡೊದಲ್ಲಿ ಪಡೆದ ಕಾರನ್ನು ಟ್ರೊಮ್ಸೊದಲ್ಲಿ ಬಿಡುವುದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ, ಅದನ್ನು ಸೇರಿಸಿಯೇ ದರಗಳನ್ನು ಹೋಲಿಸಬೇಕು. ಟೋಲ್ ಮತ್ತು ಹಲವು ಫೆರಿಗಳ ಹಣವನ್ನು ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಲೆಕ್ಕ ಹಾಕುತ್ತದೆ, ಬಿಲ್ಲು ಬಾಡಿಗೆ ಕಂಪನಿಯ ಮೂಲಕ ವಾರಗಳ ನಂತರ ಕಾರ್ಡಿಗೆ ಬಂದರೆ ಗಾಬರಿಯಾಗಬೇಕಿಲ್ಲ.

ಊಟ ದುಬಾರಿಯಾದ್ದರಿಂದ ಅಡುಗೆಮನೆಯಿರುವ ರೊರ್ಬುವನ್ನೇ ಆರಿಸಿ, ರವೆ, ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ ಮತ್ತು ಪೇಡವನ್ನು ಮನೆಯಲ್ಲಿಯೇ ಬಿಡಬೇಕು, ಏಕೆಂದರೆ ಭಾರತದಂತಹ ದೇಶಗಳಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಾರ್ವೆಗೆ ತರುವಂತಿಲ್ಲ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ತರಕಾರಿ, ಬ್ರೆಡ್ಡು, ಮೊಸರನ್ನು ಶನಿವಾರವೇ ತಂದಿಡಬೇಕು.

ಪ್ರತಿ ಸಂಜೆ ಯೂರ್ ಎಂಬ ನಾರ್ವೆಯ ಹವಾಮಾನ ಆ್ಯಪ್‌ನಲ್ಲಿ ಮರುದಿನದ ಗಾಳಿಯನ್ನು ನೋಡಿ, ಫೆರಿ ಇದೆಯೇ ಎಂದು ಖಚಿತಪಡಿಸಿಕೊಂಡು ಮಲಗಿ. ಟ್ರೊಮ್ಸೊದಿಂದ ಹೊರಡುವ ವಿಮಾನವನ್ನು ಮಾತ್ರ ಕೊನೆಯ ಫೆರಿಯ ದಿನವೇ ಬುಕ್ ಮಾಡದೆ, ಅದಕ್ಕೂ ವಿಮಾನಕ್ಕೂ ನಡುವೆ ಎರಡು ರಾತ್ರಿ ಬಿಟ್ಟಿರಬೇಕು.