ಬೀದಿ ದೀಪ ಆರಿಸಲಾಗಲಿಲ್ಲ, ಗಿಡಕ್ಕೇ ಡಬ್ಬ ಮುಚ್ಚಿದೆ

ಬೆಂಗಳೂರಿನ ನಮ್ಮ ಮನೆಯ ತಾರಸಿಗೆ ಎದುರಾಗಿ ಒಂದು ಬೀದಿ ದೀಪ ಇದೆ. ಮೊದಲು ಮಂಕಾದ ಹಳದಿ ದೀಪ ಇತ್ತು, ಆಮೇಲೆ ಎಲ್‌ಇಡಿ ಬಂತು. ಈಗ ರಾತ್ರಿ ಒಣಗಿದ ಬಟ್ಟೆ ತೆಗೆಯಲು ಟಾರ್ಚ್ ಬೇಡ, ಅಷ್ಟು ಬೆಳಕು. ಅದು ನನ್ನ ಗಿಡಗಳ ನಿದ್ದೆ ಕೆಡಿಸುತ್ತಿದೆ ಅಂತ ಗೊತ್ತಾಗಲು ಎರಡು ಡಿಸೆಂಬರ್ ಬೇಕಾಯಿತು.

ಮೊದಲ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಯಿಂದ ಪಾಯಿನ್ಸೆಟಿಯಾ ಅನ್ನುವ ಅಲಂಕಾರದ ಗಿಡ ತಂದಿದ್ದೆ. ಕೆಂಪು ರೇಷ್ಮೆ ಸೀರೆ ಹರಡಿದ ಹಾಗಿತ್ತು. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿತು. ಎಸೆಯಲು ಮನಸ್ಸು ಬಾರದೆ ಗೇಣುದ್ದ ಬಿಟ್ಟು ಕತ್ತರಿಸಿದೆ. ಕತ್ತರಿಸಿದ ಕಡೆ ಹಾಲು ಸುರಿಯುತ್ತದೆ, ಕೆಲವರಿಗೆ ತುರಿಕೆ ಬರುತ್ತದೆ, ಕೈಗೆ ಗ್ಲೌಸ್ ಇರಲಿ. ಮಳೆಗಾಲದಲ್ಲಿ ಸೊಗಸಾಗಿ ಚಿಗುರಿತು. ಮುಂದಿನ ಡಿಸೆಂಬರ್ ಹೊತ್ತಿಗೆ ಸೊಂಟದೆತ್ತರ ಬೆಳೆದಿತ್ತು, ಆದರೆ ಒಂದೇ ಒಂದು ಎಲೆಯೂ ಕೆಂಪಾಗಿರಲಿಲ್ಲ. ಗೊಬ್ಬರ ಹಾಕಿದೆ, ಬಾಳೆಸಿಪ್ಪೆ ನೆನೆಸಿದ ನೀರು ಹಾಕಿದೆ. ಇನ್ನೂ ಹಸಿರಾಯಿತು ಅಷ್ಟೇ.

ಕೃಷಿ ಓದಿದ ನನ್ನ ತಮ್ಮ ಒಂದು ಸಂಜೆ ತಾರಸಿಗೆ ಬಂದವನು ಗಿಡ ನೋಡಲೇ ಇಲ್ಲ, ದೀಪ ನೋಡಿ ನಕ್ಕ. "ಅಕ್ಕ, ಇದಕ್ಕೆ ಗೊಬ್ಬರ ಕಡಿಮೆ ಆಗಿಲ್ಲ, ಕತ್ತಲೆ ಕಡಿಮೆ ಆಗಿದೆ" ಅಂದ.

ಸಂಗತಿ ಇಷ್ಟೇ. ನಾವು ಹೂವು ಅಂದುಕೊಳ್ಳುವ ಕೆಂಪು ಭಾಗ ಎಲೆ, ನಿಜವಾದ ಹೂವು ನಡುವೆ ಇರುವ ಪುಟ್ಟ ಹಳದಿ ಗುಂಡುಗಳು. ದಿನಾ 12 ತಾಸಿಗಿಂತ ಉದ್ದದ ಕತ್ತಲೆ, ನಡುವೆ ಮುರಿಯದೆ, ಹೀಗೆ ವಾರಗಟ್ಟಲೆ ಸಿಕ್ಕರೆ ಮಾತ್ರ ಆ ಎಲೆ ಕೆಂಪಾಗುತ್ತದೆ. ನಮ್ಮಲ್ಲಿ ಸೆಪ್ಟೆಂಬರ್ ಕೊನೆಯಿಂದಲೇ ರಾತ್ರಿ ಹಗಲಿಗಿಂತ ಉದ್ದ. ಡಿಸೆಂಬರ್‌ನಲ್ಲಿ ಹಗಲು ಹನ್ನೊಂದು ಗಂಟೆಯ ಮೇಲೆ ಇಪ್ಪತ್ತು ನಿಮಿಷ ಚಿಲ್ಲರೆ. ನಾನು ಚಳಿಗಾಲ ಅಂದರೆ ಬರೀ ಚಳಿ ಅಂದುಕೊಂಡಿದ್ದೆ. ನಮ್ಮೂರಿನ ಚಳಿ ಎಷ್ಟು ಮಹಾ, ಅಲ್ವಾ? ಗಿಡಗಳು ಲೆಕ್ಕ ಇಡುವುದು ರಾತ್ರಿಯನ್ನು.

ಬೀದಿ ದೀಪ ತೆಗೆಸಿ ಅನ್ನಲು ಬಾಯಿ ಬರಲಿಲ್ಲ. ಕೆಲಸ ಮುಗಿಸಿ ತಡವಾಗಿ ಬರುವ ಹೆಣ್ಣುಮಕ್ಕಳಿಗೆ ಅದು ಬೇಕು. ಹಾಗಾಗಿ ವಾಷಿಂಗ್ ಮೆಷಿನ್ ಬಂದಿದ್ದ ರಟ್ಟಿನ ಡಬ್ಬ ಹುಡುಕಿದೆ. ಅಕ್ಟೋಬರ್ 15ರಿಂದ ದಿನಾ ಸಂಜೆ ಐದೂವರೆಗೆ ಮುಚ್ಚುವುದು, ಬೆಳಿಗ್ಗೆ ಎಂಟಕ್ಕೆ ತೆಗೆಯುವುದು. ಹಗಲಲ್ಲಿ ಪೂರ್ತಿ ಬಿಸಿಲು. ದೀಪಾವಳಿ ಗಡಿಬಿಡಿಯಲ್ಲಿ ಎರಡು ರಾತ್ರಿ ಮರೆತೆ, ಮೇಲಿಂದ ತಾರಸಿ ತುಂಬ ಸೀರಿಯಲ್ ಸೆಟ್. ಆದರೂ ಗಿಡ ಕ್ಷಮಿಸಿತು. ನವೆಂಬರ್ ಕೊನೆಗೆ ತುದಿಯ ಎಲೆಗಳ ನರ ಕೆಂಪಾಯಿತು, ಡಿಸೆಂಬರ್ ಎರಡನೇ ವಾರಕ್ಕೆ ಅರ್ಧ ಗಿಡ ಕೆಂಪು. ಬಣ್ಣ ಪೂರ್ತಿ ಕೂತ ಮೇಲೆ ಡಬ್ಬ ಬೇಕಾಗಲಿಲ್ಲ.

ಇದೇ ಲೆಕ್ಕ ಅವರೆಗೂ ಇದೆ ಅಂತ ಆಮೇಲೆ ಹೊಳೆಯಿತು. ಹಿಂದೊಮ್ಮೆ ಹಿತಕಿದ ಬೇಳೆ ಸಾರಿನ ರುಚಿ ಬಾಯಲ್ಲಿರುವಾಗಲೇ, ಫೆಬ್ರವರಿಯಲ್ಲಿ ನಾಟಿ ಅವರೆ ಬಿತ್ತಿದ್ದೆ. ಬಳ್ಳಿ ಪಕ್ಕದ ಮನೆಯ ಡಿಶ್ ಆಂಟೆನಾ ತನಕ ಹೋಯಿತು, ಹೂವು ಮಾತ್ರ ಇಲ್ಲ. ರಾತ್ರಿ ಉದ್ದವಾದ ಮೇಲೆಯೇ, ಹತ್ತಿರ ಹತ್ತಿರ ನವೆಂಬರ್‌ಗೆ, ಮೊಗ್ಗು ಬಂತು. ಒಂಬತ್ತು ತಿಂಗಳು ಸುಮ್ನೆ ನೀರು ಹೊತ್ತೆ. ದಿನದ ಉದ್ದ ನೋಡದೆ ಕಾಯಿ ಬಿಡುವ ತಳಿಗಳೂ ಇವೆ, ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವು. ಆದರೆ ನಮ್ಮತ್ತೆಗೆ ಇಬ್ಬನಿ ಬಿದ್ದ ಸೊಗಡಿನ ಕಾಯಿಯೇ ಆಗಬೇಕು. ಈಗ ನಾಟಿ ಬೀಜವನ್ನು ಆಗಸ್ಟ್‌ನಲ್ಲಿ, ದೀಪ ಬೀಳದ ಹಿಂದಿನ ಗೋಡೆಗೆ ಬಿತ್ತುತ್ತೇನೆ. ಹೂವಿನ ಹೊತ್ತಿಗೆ ಗಿಡದ ರಸ ಹೀರುವ ಕಪ್ಪು ಹೇನು ಮುತ್ತುತ್ತದೆ. ಬೆಳಿಗ್ಗೆ ಪೈಪಿನಿಂದ ಜೋರಾಗಿ ನೀರು ಹೊಡೆದರೆ ಮುಕ್ಕಾಲು ಹೋಗುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು.

ಕೊತ್ತಂಬರಿ, ಮೆಂತ್ಯ, ಮೂಲಂಗಿಗೆ ಇಷ್ಟು ತಲೆನೋವಿಲ್ಲ. ದೀಪಾವಳಿ ಕಳೆದ ಮೇಲೆ, ಹಿಂಗಾರು ಮಳೆ ಬಿಡುವು ಕೊಟ್ಟಾಗ ಹಾಕಿದರೆ ಸಂಕ್ರಾಂತಿಯೊಳಗೆ ಅಡುಗೆಮನೆಗೆ ಬರುತ್ತವೆ. ಧನಿಯಾವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ.

ಇನ್ನು ರಜೆಯ ವಿಷಯ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಊರಿಗೆ ಒಂಬತ್ತು ದಿನ. ಒಂದು ವರ್ಷ ಬಾಟಲಿ ತಲೆಕೆಳಗಾಗಿ ಚುಚ್ಚಿಟ್ಟು ಹೋದೆ. ನನ್ನ ಮಣ್ಣಿನಲ್ಲಿ ತೆಂಗಿನ ನಾರಿನ ಪುಡಿ ಜಾಸ್ತಿ, ನೀರು ಮೊದಲ ರಾತ್ರಿಯೇ ಇಳಿದಿರಬೇಕು. ಬಂದಾಗ ಮೆಂತ್ಯ ಒಣಹುಲ್ಲಾಗಿತ್ತು. ಇನ್ನೊಂದು ವರ್ಷ ಪಕ್ಕದ ಮನೆ ಆಂಟಿ ಪ್ರೀತಿಯಿಂದ ದಿನಾ ಎರಡು ಹೊತ್ತು ನೀರು ಹಾಕಿದರು. ಲೋಳೆಸರ ಬುಡದಲ್ಲೇ ಕೊಳೆಯಿತು. ಅವರಿಗೆ ಏನು ಹೇಳಲಿ, ಊರಿಂದ ತಂದ ಕೊಬ್ಬರಿ ಮಿಠಾಯಿ ಕೊಟ್ಟೆ.

ಈಗ ಹಳೆ ಹತ್ತಿ ಪಂಚೆಯನ್ನು ಉದ್ದುದ್ದ ಹರಿದು ಬತ್ತಿಯಂತೆ ಹೊಸೆಯುತ್ತೇನೆ. ಎರಡು ಇಟ್ಟಿಗೆ ಮೇಲೆ ಬಕೆಟ್, ಸುತ್ತ ಕುಂಡಗಳು. ಬತ್ತಿಯನ್ನು ಮೊದಲೇ ನೆನೆಸಿ ಒಂದು ತುದಿ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಮಣ್ಣಿನೊಳಗೆ ನಾಲ್ಕು ಬೆರಳು ಆಳಕ್ಕೆ. ಹೊರಡುವ ಎರಡು ದಿನ ಮೊದಲೇ ಕಟ್ಟಿ ನೋಡಿ, ಯಾವ ಕುಂಡ ಎಷ್ಟು ಕುಡಿಯುತ್ತದೆ ಗೊತ್ತಾಗುತ್ತದೆ. ಮಣ್ಣಿನ ಮೇಲೆ ಕಡಲೆಕಾಯಿ ಸಿಪ್ಪೆ ಹರಡುತ್ತೇನೆ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದ ಮನೆಯಲ್ಲಿ ಅದಕ್ಕೆ ಬರವೇ? ಹಸಿಯದು, ಹುರಿದದ್ದು ಆಗಬಹುದು. ಬೇಯಿಸಿದ ಕಾಯಿಯ ಸಿಪ್ಪೆಯಲ್ಲಿ ಉಪ್ಪಿರುತ್ತದೆ, ಅದು ಬೇಡ.

ಕಳೆದ ಸಲ ಊರಿಂದ ಬಂದಾಗ ರಾತ್ರಿ ಹತ್ತಾಗಿತ್ತು. ಬ್ಯಾಗ್ ಬಾಗಿಲಲ್ಲೇ ಬಿಟ್ಟು ತಾರಸಿ ಹತ್ತಿದೆ. ಬಕೆಟ್ಟಿನಲ್ಲಿ ಇನ್ನೂ ಒಂದು ಚೊಂಬು ನೀರಿತ್ತು. ಪಾಯಿನ್ಸೆಟಿಯಾದ ಕೆಂಪು ಆ ಬೀದಿ ದೀಪದ ಬೆಳಕಿನಲ್ಲೇ ಚೆನ್ನಾಗಿ ಕಾಣುತ್ತಿತ್ತು.