ಧಾರಾವಾಹಿಯ ಪಾತ್ರಗಳಿಗೆ ಮನೆಯಲ್ಲೇ ಅರ್ಥ ಹೇಳುವ ಕ್ರಮ

ಮಂಗಳೂರಿನಿಂದ ಬೈಂದೂರಿನವರೆಗೆ ಹೆಚ್ಚಿನ ಮನೆಗಳಲ್ಲಿ ಸಂಜೆ ದೀಪ ಹಚ್ಚಿ, ಭಜನೆಯೋ ಮಕ್ಕಳ ಬಾಯಿಪಾಠವೋ ಮುಗಿದ ಮೇಲೆ ಟಿವಿ ಶುರುವಾದರೆ ಊಟದ ಹೊತ್ತಿನವರೆಗೂ ಧಾರಾವಾಹಿಗಳು ಸಾಲಾಗಿ ಬರುತ್ತಲೇ ಇರುತ್ತವೆ. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ನೋಡುತ್ತಾರೆ. ಆದರೆ ಮಾತು ಮಾತ್ರ "ಈ ಹೆಂಗಸಿಗೆ ಸ್ವಲ್ಪವೂ ಕರುಣೆ ಇಲ್ಲ", "ಆ ಹುಡುಗ ಬಾಯಿಬಿಟ್ಟು ಹೇಳಬಾರದಿತ್ತೇ" ಎಂಬಲ್ಲಿಗೆ ನಿಂತುಬಿಡುತ್ತದೆ. ಪಾತ್ರವೊಂದು ಕೆಟ್ಟದ್ದೆಂದು ಒಮ್ಮೆ ತೀರ್ಮಾನವಾದರೆ ಅದರ ಬಗ್ಗೆ ಮತ್ತೆ ಯಾರೂ ಯೋಚಿಸುವುದಿಲ್ಲ. ಹೀಗೆ ಅವಸರದಲ್ಲಿ ತೀರ್ಪು ಕೊಡುವ ಅಭ್ಯಾಸವು ಟಿವಿಯ ಮುಂದೆ ಬೆಳೆದು, ನೆರೆಹೊರೆಯವರ ಮತ್ತು ನೆಂಟರಿಷ್ಟರ ವಿಷಯದಲ್ಲಿಯೂ ಮುಂದುವರಿಯುತ್ತದೆ ಎಂದು ನಾನು ನಂಬಿದ್ದೇನೆ. ಅದನ್ನು ಸಡಿಲಿಸುವ ದಾರಿ ನಮ್ಮ ಕರಾವಳಿಯಲ್ಲಿ ಬಹು ಹಿಂದಿನಿಂದಲೇ ಇದೆ. ಧಾರಾವಾಹಿ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಮನೆಯಲ್ಲೇ ಒಂದು ಸಣ್ಣ ತಾಳಮದ್ದಳೆ ನಡೆಸುವುದೇ ಆ ದಾರಿ.

ತಾಳಮದ್ದಳೆಯೆಂದರೆ ಯಕ್ಷಗಾನದ ಮಾತಿನ ರೂಪ; ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ತಮ್ಮ ಪಾತ್ರದ ಪರವಾಗಿ ಆಶುವಾಗಿ ಮಾತನಾಡುತ್ತಾರೆ; ಈ ಮಾತಿಗೇ ಅರ್ಥ ಎಂದು ಹೆಸರು. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಮಳೆಗಾಲದುದ್ದಕ್ಕೂ ಊರೂರಿನಲ್ಲಿ ಇಂತಹ ಕೂಟಗಳು ನಡೆಯುವುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದಾರೆ. ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ "ನಿನಗೆ ನಾನೇನು ಅಪರಾಧ ಮಾಡಿದ್ದೆ?" ಎಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ; ಸಭೆಯ ಎದುರು ಉತ್ತರ ಕೊಡಲೇಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಮತ್ತು ರಾವಣನನ್ನು ಹಿರಿಯರು ಇಂದಿಗೂ ನೆನೆಯುವುದಕ್ಕೆ ಕಾರಣ, ಸೋಲುವ ಪಾತ್ರಕ್ಕೂ ಅವರು ಒದಗಿಸುತ್ತಿದ್ದ ಗಟ್ಟಿಯಾದ ತರ್ಕ. ಇಂದು ವಾಲಿಯಾದವರು ನಾಳೆ ಇನ್ನೊಂದು ಕೂಟದಲ್ಲಿ ರಾಮನಾಗಬಹುದು. ಎರಡೂ ಕಡೆಯಿಂದ ಪ್ರಾಮಾಣಿಕವಾಗಿ ಮಾತನಾಡಬಲ್ಲ ಈ ಶಕ್ತಿಯನ್ನೇ ಧಾರಾವಾಹಿ ನೋಡುವ ಮನೆಯೊಳಕ್ಕೆ ತರಬೇಕು.

ಮೊದಲು ಕಂತನ್ನು ಆರಿಸಿಕೊಳ್ಳಿ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು 20ರಿಂದ 22 ನಿಮಿಷ. ಅದರಲ್ಲಿಯೂ ಸ್ವಲ್ಪ ಭಾಗ ಹಿಂದಿನ ದಿನದ ಕಥೆಗೆ ಹೋಗುತ್ತದೆ. ಆದ್ದರಿಂದ ಎಲ್ಲ ಕಂತುಗಳೂ ಅರ್ಥಕ್ಕೆ ಒದಗುವುದಿಲ್ಲ. ಇಬ್ಬರು ಎದುರುಬದುರಾಗಿ ನಿಂತು, ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಡವಾಗಿರುವ ಸನ್ನಿವೇಶ ಬಂದ ದಿನವನ್ನು ಹಿಡಿದುಕೊಂಡರೆ ಸಾಕು. ಆಸ್ತಿಯ ಪಾಲು, ಮದುವೆಯ ಮಾತುಕತೆ, ಮಗಳ ಉದ್ಯೋಗ, ಮುಚ್ಚಿಟ್ಟ ಸಂಗತಿಯೊಂದು ಹೊರಬಿದ್ದ ಗಳಿಗೆ, ಇವೆಲ್ಲ ಒಳ್ಳೆಯ ವಸ್ತುಗಳು. ರಿಯಾಲಿಟಿ ಶೋಗಳನ್ನು ಮಾತ್ರ ಇದಕ್ಕೆ ಬಳಸಬೇಡಿ. ಅಲ್ಲಿರುವವರು ಕಥೆಯ ಪಾತ್ರಗಳಲ್ಲ, ಬದುಕಿರುವ ಮನುಷ್ಯರು; ಅವರ ಮನಸ್ಸಿನಲ್ಲಿದ್ದುದನ್ನು ನಾವು ಅವರ ಬಾಯಿಂದ ಆಡಿಸುವುದು ಅರ್ಥಗಾರಿಕೆಯಾಗುವುದಿಲ್ಲ, ಚಾಡಿಯಾಗುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದಿನದ ಧಾರಾವಾಹಿಗಿಂತ ಒಂದೇ ಕಂತಿನಲ್ಲಿ ಮುಗಿಯುವ ಕಥೆ ಹೆಚ್ಚು ಅನುಕೂಲ. ಶಂಕರ್‌ನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದು. ಅದರ ಬಹುಭಾಗದ ಚಿತ್ರೀಕರಣ ನಡೆದದ್ದು ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಸಿಗುವ ಆಗುಂಬೆಯಲ್ಲಿ. ಉಡುಪಿಯ ಮಕ್ಕಳಿಗೆ ಅಲ್ಲಿಯ ಮಳೆ, ಜಗಲಿ, ಹಂಚಿನ ಮಾಡು ಯಾವುದೂ ಹೊಸದಲ್ಲ. ಧೈರ್ಯವಿದ್ದರೆ ಇಂದು ರಾತ್ರಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗು ಎಂದು ತಂದೆ ಹುಡುಗ ಸ್ವಾಮಿಗೆ ಹೇಳುವ ಕಥೆಯನ್ನು ತೋರಿಸಿ, ತಂದೆಯ ಅರ್ಥವನ್ನು ಮಗುವಿಗೆ ಕೊಡಿ, ಸ್ವಾಮಿಯ ಅರ್ಥವನ್ನು ನೀವು ಹೇಳಿ. ಹೆದರುವ ಮಗನನ್ನು ಒಂಟಿಯಾಗಿ ಮಲಗಿಸಿದ್ದು ಏಕೆಂದು ಎಂಟು ವರ್ಷದ ಮಗು ಯೋಚಿಸಿ ಹೇಳುವುದನ್ನು ಕೇಳುವುದೇ ಒಂದು ಸಂತೋಷ. ತಂದೆಯ ಪಾತ್ರವನ್ನು ಗಿರೀಶ್ ಕಾರ್ನಾಡರು ಹೆಚ್ಚು ಮಾತಿಲ್ಲದೆ, ಬಿಗುಮಾನದಿಂದ ಅಭಿನಯಿಸಿರುವುದರಿಂದ ಅರ್ಥಧಾರಿಗೆ ತುಂಬಿಕೊಳ್ಳಲು ಬೇಕಾದಷ್ಟು ಜಾಗವಿದೆ.

ಕಂತು ಮುಗಿದ ಕೂಡಲೇ ಟಿವಿಯನ್ನು ಆರಿಸಬೇಕು. ಶಬ್ದವನ್ನಷ್ಟೇ ಕಡಿಮೆ ಮಾಡಿದರೆ ಕಣ್ಣು ಮುಂದಿನ ಧಾರಾವಾಹಿಯ ಕಡೆಗೇ ಹೋಗುತ್ತದೆ. ಭಾಗವತರ ಸ್ಥಾನವನ್ನು ಮನೆಯ ಹಿರಿಯರಿಗೆ, ಸಾಮಾನ್ಯವಾಗಿ ಅಜ್ಜಿಗೆ, ಬಿಟ್ಟುಕೊಡಿ. ಕಥೆಯ ಹಿಂದುಮುಂದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಅವರು ಸನ್ನಿವೇಶವನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ಯಾರು ಯಾರ ಅರ್ಥ ಹೇಳಬೇಕೆಂದು ನಿರ್ಧರಿಸಲಿ. ಇಲ್ಲಿ ಬಿಡಬಾರದ ನಿಯಮವೊಂದಿದೆ: ಯಾರಿಗೆ ಯಾವ ಪಾತ್ರದ ಮೇಲೆ ಸಿಟ್ಟಿದೆಯೋ ಅವರೇ ಆ ಪಾತ್ರದ ಅರ್ಥ ಹೇಳಬೇಕು, ಮತ್ತು "ಅವಳು ಹೀಗೆ ಮಾಡಿದಳು" ಎನ್ನದೆ "ನಾನು ಹೀಗೆ ಮಾಡಿದೆ" ಎಂದೇ ಹೇಳಬೇಕು. "ನಾನು" ಎಂದು ಆರಂಭಿಸಿದ ಮೇಲೆ ಕಾರಣ ಹುಡುಕದೆ ಮುಂದೆ ಹೋಗಲಾಗುವುದಿಲ್ಲ.

ಉದಾಹರಣೆಗೆ, ಸೊಸೆಗೆ ಬಂದ ಕೆಲಸದ ಪತ್ರವನ್ನು ಅತ್ತೆ ಕಪಾಟಿನಲ್ಲಿ ಅಡಗಿಸಿಟ್ಟ ಕಂತು ಎಂದಿಟ್ಟುಕೊಳ್ಳಿ. ಅತ್ತೆಯನ್ನು ಬೈಯುತ್ತ ನೋಡಿದ ಕಾಲೇಜು ಹುಡುಗಿಗೆ ಅತ್ತೆಯ ಅರ್ಥ ಬರುತ್ತದೆ. ಮೊದಲಿಗೆ ಅವಳು ತಡವರಿಸುತ್ತಾಳೆ, ಆಮೇಲೆ ಹೀಗೆ ಆರಂಭಿಸಬಹುದು: "ನಾನು ಈ ಮನೆಗೆ ಬಂದಾಗ ನನಗೂ ಶಾಲೆಯಲ್ಲಿ ಟೀಚರ್ ಕೆಲಸ ಬಂದಿತ್ತು. ಹೋಗುತ್ತೀಯಾ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಇವಳು ಹೊರಟುಹೋದರೆ ಹಾಸಿಗೆ ಹಿಡಿದ ಇವಳ ಮಾವನನ್ನು ನೋಡಿಕೊಳ್ಳುವವಳು ಮತ್ತೆ ನಾನೊಬ್ಬಳೇ." ಸೊಸೆಯ ಅರ್ಥ ಹೇಳುವ ಅವಳ ತಾಯಿ ಇದಕ್ಕೆ ಉತ್ತರ ಕೊಡಬೇಕು: "ಅತ್ತೆ, ಕೇಳದೆ ಇದ್ದುದರ ನೋವು ಏನೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದವರೇ ನನ್ನನ್ನು ಕೇಳಲಿಲ್ಲವಲ್ಲ? ಮಾವನ ಆರೈಕೆಗೆ ನಿಮ್ಮ ಮಗನೂ ಇದ್ದಾರೆ, ಅವರ ಹೆಸರನ್ನು ನೀವು ಎತ್ತಲೇ ಇಲ್ಲ." ಆ ಮಗನ ಹೆಸರು ಬಂದಲ್ಲಿಗೆ ಕಥೆಯೇ ಬೇರೆ ಕಡೆಗೆ ತಿರುಗುತ್ತದೆ, ಕಂತಿನುದ್ದಕ್ಕೂ ಸುಮ್ಮನೆ ಸೋಫಾದಲ್ಲಿ ಕುಳಿತಿದ್ದ ಪಾತ್ರಕ್ಕೆ ಈಗ ಅರ್ಥ ಹೇಳುವವರು ಬೇಕಾಗುತ್ತದೆ. ಅದನ್ನು ಮನೆಯ ಗಂಡಸರಲ್ಲಿ ಒಬ್ಬರಿಗೆ ಕೊಡಿ. ಧಾರಾವಾಹಿಗಳು ಜಗಳವನ್ನು ಹೆಂಗಸರಿಬ್ಬರ ನಡುವೆಯೇ ಕಟ್ಟಿಹಾಕಿ, ಗಂಡಸರನ್ನು ಪಕ್ಕಕ್ಕೆ ಸರಿಸಿ ಕಾಪಾಡುವುದನ್ನು ಹೀಗೆ ಅರ್ಥ ಹೇಳುವಾಗ ಕಂಡಷ್ಟು ಸ್ಪಷ್ಟವಾಗಿ ಸುಮ್ಮನೆ ನೋಡುವಾಗ ಕಾಣಲಾರೆವು.

ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು, ಉತ್ತರವು ಎದುರಿನವರ ಕೊನೆಯ ಮಾತಿಗೆ ತಾಗಬೇಕು, ಕಂತಿನಲ್ಲಿ ಕಂಡದ್ದಕ್ಕೆ ವಿರುದ್ಧವಾದುದನ್ನು ಹೇಳಬಾರದು. ಇಷ್ಟು ಸಾಕು. ಆದರೆ ಸ್ವಂತ ಮನೆಯ ವ್ಯಾಜ್ಯವನ್ನು ಪಾತ್ರದ ಮರೆಯಲ್ಲಿ ಹೇಳಿಕೊಳ್ಳುವ ಆಸೆ ಕೆಲವರಿಗೆ ಹುಟ್ಟುವುದುಂಟು. ಅದನ್ನು ಮೊದಲ ದಿನದಿಂದಲೇ ತಡೆಯಬೇಕು. ಮಾತು ಆ ಕಡೆಗೆ ಸರಿಯುವ ಸೂಚನೆ ಕಂಡರೆ ಭಾಗವತರಾದವರು ಮಂಗಲ ಹೇಳಿ ಕೂಟವನ್ನು ಮುಗಿಸಲಿ. ನಿಜವಾದ ಅತ್ತೆ ಸೊಸೆಯರನ್ನು ಅತ್ತೆ ಸೊಸೆಯರ ಪಾತ್ರಕ್ಕೆ ಎದುರುಬದುರು ಕೂರಿಸದಿರುವುದು ಕ್ಷೇಮ. ಒಂದು ವೇಳೆ ಕೂರಿಸುವುದಾದರೆ ಪಾತ್ರವನ್ನು ಅದಲುಬದಲು ಮಾಡಿ. ಯಾರು ಗೆದ್ದರೆಂದು ಹೇಳುವ ಅಗತ್ಯವಿಲ್ಲ. ತಾಳಮದ್ದಳೆಯಲ್ಲಿಯೂ ಜನ ಮನೆಗೆ ಹೋಗುತ್ತ ಮಾತನಾಡುವುದು ಯಾವ ಅರ್ಥ ಹೇಗಾಯಿತು ಎಂಬುದರ ಬಗ್ಗೆಯೇ.

ಭಾಷೆಯ ವಿಷಯದಲ್ಲಿ ಯಾವ ನಿರ್ಬಂಧವೂ ಬೇಡ. ಧಾರಾವಾಹಿಯ ಕನ್ನಡ ಹೆಚ್ಚಾಗಿ ಬೆಂಗಳೂರು, ಮೈಸೂರಿನ ಕಡೆಯದು. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ ಎಲ್ಲವೂ ಇವೆ. ಸಿಟ್ಟು ಮತ್ತು ಸಂಕಟದ ಮಾತು ಮನೆಯ ಭಾಷೆಯಲ್ಲಿ ಬಂದಾಗ ಪಾತ್ರ ನಮಗೆ ಹತ್ತಿರವಾಗುತ್ತದೆ. ಮಕ್ಕಳು ಅರ್ಥ ಹೇಳುವಾಗ ನಡುವೆ ತಿದ್ದಬೇಡಿ. ಅವರ ಮಾತು ಕಥೆಯಿಂದ ದೂರ ಹೋದರೆ "ಅದು ಎಲ್ಲಿ ಕಂಡಿತು?" ಎಂದು ಒಂದು ಪ್ರಶ್ನೆ ಕೇಳಿದರೆ ತಾವೇ ಹಿಂದಕ್ಕೆ ಬರುತ್ತಾರೆ.

ದುಬೈಯಲ್ಲೋ ಕುವೈತ್‌ನಲ್ಲೋ ಇರುವವರನ್ನೂ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ರಾತ್ರಿ 9 ಗಂಟೆಯಾದಾಗ ದುಬೈಯಲ್ಲಿ 7.30, ಕುವೈತ್‌ನಲ್ಲಿ 6.30, ಕೆಲಸ ಮುಗಿಸಿ ಬಂದವರು ವಿಡಿಯೋ ಕರೆಯಲ್ಲಿ ಒಂದು ಪಾತ್ರ ವಹಿಸಿಕೊಳ್ಳಲು ಅಡ್ಡಿಯಿಲ್ಲ. ಹೇಗಿದ್ದೀರಿ, ಊಟವಾಯಿತೇ ಎಂಬಲ್ಲಿಗೆ ಮುಗಿದುಹೋಗುವ ಕರೆಗಳಿಗೆ ಇದರಿಂದ ಒಂದು ವಿಷಯ ಸಿಗುತ್ತದೆ. ಆಟಿ ತಿಂಗಳ ಜೋರು ಮಳೆಗೆ ಡಿಶ್‌ನ ಸಿಗ್ನಲ್ ಹೋದಾಗ, ಕರೆಂಟು ಕೈಕೊಟ್ಟಾಗ, ಹಿಂದಿನ ದಿನದ ಕಂತಿನ ಮೇಲೆಯೇ ಅರ್ಥ ಹೇಳಿ. ಪರದೆ ಕತ್ತಲಾಗಿರುವ ದಿನ ಮಾತು ಇನ್ನೂ ಚೆನ್ನಾಗಿ ಬೆಳೆಯುತ್ತದೆ.

ದಿನವೂ ನಡೆಸಿದರೆ ಬೇಸರ ಬರುತ್ತದೆ, ಆದ್ದರಿಂದ ವಾರಕ್ಕೆ ಒಂದು ದಿನ ಇಟ್ಟುಕೊಳ್ಳಿ. ವಾರದ ಕೊನೆಯ ಕಂತು ಇದಕ್ಕೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ನೋಡುಗರು ಸೋಮವಾರ ಮರಳಿ ಬರಲೆಂದು ಕಥೆಗಾರರು ಆ ದಿನ ಸಾಮಾನ್ಯವಾಗಿ ಕಥೆಯನ್ನು ಬಿಕ್ಕಟ್ಟಿನಲ್ಲಿಯೇ ನಿಲ್ಲಿಸಿರುತ್ತಾರೆ. ಅರ್ಥ ಹೇಳಿದವರೆಲ್ಲ ತಮ್ಮ ಪಾತ್ರ ಮುಂದೇನು ಮಾಡೀತೆಂದು ಒಂದು ಚೀಟಿಯಲ್ಲಿ ಬರೆದಿಡಲಿ. ಸೋಮವಾರದ ಕಂತು ಮುಗಿದ ಮೇಲೆ ಚೀಟಿಗಳನ್ನು ಬಿಡಿಸಿ ಓದಿ, ಕಥೆಗಾರರು ಬೇರೆ ದಾರಿ ಹಿಡಿದಿದ್ದರೆ ಆ ಪಾತ್ರಕ್ಕೆ ಯಾವುದು ಹೆಚ್ಚು ಒಪ್ಪುತ್ತಿತ್ತು ಎಂಬುದರಿಂದಲೇ ಆ ವಾರದ ಮಾತನ್ನು ಆರಂಭಿಸಬಹುದು.