ಸೀಳಿದ ಕ್ಯಾನ್, ಮುಕ್ಕಾದ ಮಡಕೆ, ಸವೆದ ಸೀರೆ: ಇವಕ್ಕೆ ಇನ್ನೂ ಕೆಲಸವಿದೆ

ಹಳೇ ಬಾಟಲಿಗೆ ಬಣ್ಣ ಬಳಿದು, ಮಣಿ ಅಂಟಿಸಿ ಶೋಕೇಸಿನಲ್ಲಿಟ್ಟರೆ ಎರಡು ತಿಂಗಳು ಚೆನ್ನಾಗಿ ಕಾಣುತ್ತದೆ. ಆಮೇಲೆ ದೂಳು ಕೂತು, ಬಣ್ಣ ಎದ್ದು, ಕೊನೆಗೆ ಅದು ಕಸದ ಗಾಡಿಗೇ ಹೋಗುತ್ತದೆ. ಹಳೆಯ ವಸ್ತು ಮನೆಯಲ್ಲಿ ಉಳಿಯಬೇಕೆಂದರೆ ಅದಕ್ಕೆ ದಿನನಿತ್ಯದ ಕೆಲಸ ಕೊಡಬೇಕು. ಅದನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ್ದು ಇಷ್ಟೇ: ಇದು ಇನ್ನೂ ಏನನ್ನು ಚೆನ್ನಾಗಿ ಮಾಡಬಲ್ಲದು? ಕುತ್ತಿಗೆಯಲ್ಲಿ ಸೀಳಿದ ಕ್ಯಾನು ತಳದಲ್ಲಿ ನೀರು ಹಿಡಿದುಕೊಳ್ಳುತ್ತದೆ. ಬಾಯಿ ಮುಕ್ಕಾದ ಮಡಕೆ ಮೊದಲಿನಂತೆಯೇ ಜಿನುಗುತ್ತದೆ. ಉಟ್ಟು ಉಟ್ಟು ಸವೆದ ನೂಲಿನ ಸೀರೆ ಹೊಸ ಬಟ್ಟೆಗಿಂತ ಮೆತ್ತಗಿರುತ್ತದೆ. ಈ ಗುಣಗಳನ್ನೇ ನೆಚ್ಚಿಕೊಂಡು ಮಾಡುವ ಕೆಲಸಗಳು ಇಲ್ಲಿವೆ.

ಮೊದಲೆರಡು ನೀರಿಗೆ ಸಂಬಂಧಿಸಿದವು. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಹೇಳಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ತಾರಸಿಯಲ್ಲಿ ಸೊಪ್ಪು, ಬದನೆ ಬೆಳೆಯುತ್ತಿದ್ದವರು ಆ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರನ್ನು ಹೊತ್ತು ಗಿಡ ಉಳಿಸಿಕೊಂಡರು. ಮೇಲಿನಿಂದ ಸುರಿದ ನೀರಿನಲ್ಲಿ ಒಂದು ಪಾಲು ಬಿಸಿಲಿಗೆ ಆರುತ್ತದೆ, ಇನ್ನೊಂದು ಪಾಲು ಕುಂಡದ ತೂತಿನಿಂದ ಹರಿದುಹೋಗುತ್ತದೆ. ಬೇರಿಗೆ ಸಿಗುವುದು ಮಿಕ್ಕಿದ್ದು ಮಾತ್ರ. ಈ ಸೋರಿಕೆಯನ್ನು ತಡೆಯುವುದು ಕಷ್ಟವಲ್ಲ, ಖರ್ಚೂ ಇಲ್ಲ.

ವಾಟರ್ ಕ್ಯಾನಿನಿಂದ ತಾನೇ ನೀರು ಕುಡಿಯುವ ಕುಂಡ

20 ಲೀಟರಿನ ಕ್ಯಾನು ಬೇಕು. ಡೆಪಾಸಿಟ್ ಕೊಟ್ಟು ತಂದದ್ದು ಅಂಗಡಿಯವರ ಸ್ವತ್ತು, ಅದನ್ನು ಕತ್ತರಿಸುವಂತಿಲ್ಲ. ಸೀಳಿಬಿಟ್ಟದ್ದು ಇದ್ದರೆ ಕೊಡಿ ಎಂದು ಅವರನ್ನೇ ಕೇಳಿ, ಅಥವಾ ಗುಜರಿ ಅಂಗಡಿಯಲ್ಲಿ ನೋಡಿ. ಸೀಳು ಮೇಲ್ಭಾಗದಲ್ಲಿರಬೇಕು, ತಳದಿಂದ ಒಂದು ಗೇಣಿನಷ್ಟು ಭಾಗ ಗಟ್ಟಿಯಾಗಿರಬೇಕು. ನೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದಿದ್ದರೆ ಪೆಟ್ ಪ್ಲಾಸ್ಟಿಕ್, ಹರಿತವಾದ ಚಾಕುವಿಗೂ ಬಗ್ಗುತ್ತದೆ. 7 ಎಂದಿದ್ದರೆ ಅದು ಸಾಮಾನ್ಯವಾಗಿ ಪಾಲಿಕಾರ್ಬನೇಟ್, ಗಡುಸು. ಅದಕ್ಕೆ ಆಕ್ಸಾ ಬ್ಲೇಡೇ ಬೇಕು. ತಳದಿಂದ ಸುಮಾರು 40 ಸೆಂ.ಮೀ. ಎತ್ತರದಲ್ಲಿ ಸುತ್ತಲೂ ಮಾರ್ಕರಿನಿಂದ ಗೆರೆ ಎಳೆದು, ಅದರ ಮೇಲೆ ಒಂದು ತೂತು ಕೊರೆದು, ಅಲ್ಲಿಂದ ಗರಗಸ ಆಡಿಸುತ್ತಾ ಹೋಗಿ. ಕತ್ತರಿಸಿದ ಅಂಚು ಕೈ ಕುಯ್ಯುತ್ತದೆ. ಮರಳುಕಾಗದದಿಂದ ಉಜ್ಜಿದ ಮೇಲೆಯೇ ಮುಂದಿನ ಕೆಲಸ.

ಈಗ ಒಳಗೆ ಒಂದು ನೀರಿನ ಕೋಣೆ ಕಟ್ಟಬೇಕು. 8ರಿಂದ 10 ಸೆಂ.ಮೀ. ಎತ್ತರದ ಮೊಸರಿನ ಡಬ್ಬಿಗಳು ಅಥವಾ ಐಸ್‌ಕ್ರೀಮ್ ಡಬ್ಬಿಗಳು ಎರಡು ಮೂರು ಸಾಕು. ಅವುಗಳ ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಸಣ್ಣ ಸಣ್ಣ ತೂತು ಮಾಡಿ. ಹೊಗೆ ಬರುತ್ತದೆ, ಹಾಗಾಗಿ ಬಯಲಲ್ಲಿ ಕೂತು ಮಾಡಿ. ತಳಕ್ಕೂ ಒಂದು ತೂತು ಬೇಕು, ಇದನ್ನು ಮರೆಯುವವರೇ ಹೆಚ್ಚು. ಡಬ್ಬಿ ಬೋರಲು ಬಿದ್ದಾಗ ಒಳಗಿನ ಗಾಳಿ ಆ ತೂತಿನಿಂದ ಹೊರಗೆ ಹೋಗದಿದ್ದರೆ ನೀರು ಒಳಗೆ ಬರುವುದೇ ಇಲ್ಲ. ಹೀಗೆ ಸಿದ್ಧವಾದ ಡಬ್ಬಿಗಳನ್ನು ಕ್ಯಾನಿನ ತಳದಲ್ಲಿ ಬೋರಲು ಹಾಕಿ. ಮೂಲೆಯಲ್ಲಿ ಒಂದು ಪಿವಿಸಿ ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿ, ಅದರ ಕೆಳತುದಿಯನ್ನು ಓರೆಯಾಗಿ ಕತ್ತರಿಸಿರಿ. ನೀರು ಹಾಕುವ ದಾರಿ ಇದೇ. ಡಬ್ಬಿಗಳ ನೆತ್ತಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರದಲ್ಲಿ ಕ್ಯಾನಿನ ಹೊರಗೋಡೆಗೆ ಒಂದು ತೂತು ಕೊರೆಯಿರಿ. ಹೆಚ್ಚಾದ ನೀರು ಅಲ್ಲಿಂದ ಹೊರಬೀಳುತ್ತದೆ. ಈ ತೂತು ಇಲ್ಲದಿದ್ದರೆ ಮೊದಲ ಮಳೆಗೇ ಬೇರು ಕೊಳೆಯುತ್ತದೆ.

ಡಬ್ಬಿಗಳ ನಡುವಿನ ಸಂದುಗಳಿಗೆ ನೆನೆಸಿದ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಒತ್ತಿ ತುಂಬಿ. ಎಣ್ಣೆ ದೀಪದ ಬತ್ತಿಯನ್ನು ಏರುವ ಹಾಗೆ ನೀರು ಈ ಸಂದುಗಳಿಂದಲೇ ಮೇಲೇರಬೇಕು, ಆದ್ದರಿಂದ ಟೊಳ್ಳು ಬಿಡಬೇಡಿ. ಜೊತೆಗೆ ಹಳೇ ಪಾಲಿಯೆಸ್ಟರ್ ಸೀರೆಯಿಂದ ಹರಿದ ಎರಡು ಪಟ್ಟಿಗಳನ್ನು ತಳದಿಂದ ಮಣ್ಣಿನವರೆಗೆ ಎಳೆದುಬಿಟ್ಟರೆ ಇನ್ನೂ ಒಳ್ಳೆಯದು. ನೂಲಿನ ಪಟ್ಟಿ ಬೇಗ ಕೊಳೆಯುತ್ತದೆ, ಪಾಲಿಯೆಸ್ಟರ್ ಕೊಳೆಯುವುದಿಲ್ಲ. ಮೇಲೆ ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ ಸಮಪಾಲು ಬೆರೆಸಿ ತುಂಬಿ. ಬರೀ ಜೇಡಿಮಣ್ಣು ಬೇಡ, ಗಟ್ಟಿಯಾಗಿ ಗಾಳಿಯಾಡುವುದಿಲ್ಲ. ಕೋಕೋಪೀಟನ್ನು ಒಂದೆರಡು ಸಲ ತೊಳೆದು ಉಪ್ಪಿನಂಶ ತೆಗೆದೇ ಬಳಸಿ.

ಸಸಿ ನೆಟ್ಟ ದಿನ ಮೇಲಿನಿಂದಲೇ ಧಾರಾಳವಾಗಿ ನೀರು ಹಾಕಿ. ಮಣ್ಣು ಮೊದಲು ಪೂರ್ತಿ ನೆನೆಯದಿದ್ದರೆ ಕೆಳಗಿನ ನೀರು ಮೇಲೇರುವುದಿಲ್ಲ. ಬೇರು ಇಳಿಯುವ ತನಕ, ಒಂದೆರಡು ವಾರ, ಹಾಗೇ ಮಾಡಿ. ಆಮೇಲೆ ಪೈಪಿನಿಂದ ತುಂಬಿದರೆ ಸಾಕು. ತಳದಲ್ಲಿ ಸುಮಾರು ನಾಲ್ಕು ಲೀಟರು ಹಿಡಿಯುತ್ತದೆ. ಗಿಡ, ಬಿಸಿಲು ನೋಡಿಕೊಂಡು ಎಷ್ಟು ದಿನಕ್ಕೊಮ್ಮೆ ಎಂದು ನಿಮಗೇ ಅಂದಾಜು ಸಿಗುತ್ತದೆ. ಟೊಮೆಟೊ, ಬದನೆ, ಪಾಲಕ್, ಪುದೀನ, ಬಸಳೆ ಇದರಲ್ಲಿ ಹುಲುಸಾಗಿ ಬರುತ್ತವೆ. ಲೋಳೆಸರ, ಪಾಪಾಸುಕಳ್ಳಿಯಂಥ ಒಣಗಲು ಇಷ್ಟಪಡುವ ಗಿಡಗಳಿಗೆ ಇದು ಬೇಡವೇ ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕೂರುತ್ತದೆ. ಆಗೊಮ್ಮೆ ಈಗೊಮ್ಮೆ ಮೇಲಿನಿಂದ ನೀರು ಸುರಿದು, ಪಕ್ಕದ ತೂತಿನಿಂದ ಹರಿಯಬಿಟ್ಟು ತೊಳೆಯಿರಿ.

ಇನ್ನೆರಡು ಮಾತು ಇದೆ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಪ್ಲಾಸ್ಟಿಕ್ಕೂ ಪುಡಿಯಾಗುತ್ತದೆ. ಕ್ಯಾನಿಗೆ ಹಳೇ ಸಿಮೆಂಟ್ ಚೀಲ ಸುತ್ತಿ ಹುರಿಯಿಂದ ಕಟ್ಟಿದರೆ ಎರಡೂ ತೊಂದರೆ ತಪ್ಪುತ್ತವೆ. ಪೈಪಿನ ಬಾಯಿಗೆ, ಹೊರತೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ ನಿಂತ ನೀರನ್ನೇ ಹುಡುಕಿ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಮನೆಯ ಆವರಣದಲ್ಲಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ನಿಗದಿ ಮಾಡಿದೆ. ಗಿಡಕ್ಕೆ ನೀರು ಉಳಿಸಲು ಹೋಗಿ ಮನೆಯ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂತಾಗಬಾರದು.

ತಾರಸಿಯ ಭಾರವನ್ನೂ ಲೆಕ್ಕ ಹಾಕಿ. ಹಸಿ ಮಣ್ಣು, ನೀರು ಸೇರಿ ಒಂದು ಕ್ಯಾನು 22ರಿಂದ 25 ಕಿಲೋ ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೊರುವಂತೆ ಲೆಕ್ಕ ಹಾಕಿ ಕಟ್ಟುವುದು ಭಾರತೀಯ ಮಾನಕದ ರೂಢಿ. ಹಾಗಾಗಿ ಒಂದು ಚದರ ಮೀಟರಿನಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಬೇಡ, ಅವೂ ಗೋಡೆ, ತೊಲೆಯ ನೆತ್ತಿಗೆ ಹತ್ತಿರವಿರಲಿ. ಹಳೇ ಮನೆಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಮುಕ್ಕಾದ ಮಡಕೆಯನ್ನು ಹೂಳುವುದು

ನೆಲದ ತೋಟವಿದ್ದವರಿಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನೀ ಕೃಷಿಗ್ರಂಥವೊಂದರಲ್ಲೇ ಇದರ ವಿವರ ಇದೆ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಸುತ್ತಲ ಮಣ್ಣು ಒಣಗಿದಾಗ ಅದು ನೀರನ್ನು ಹೀರಿಕೊಳ್ಳುತ್ತದೆ, ನೆನೆದಿದ್ದರೆ ಜಿನುಗು ತಾನಾಗಿ ನಿಧಾನವಾಗುತ್ತದೆ. ಗಿಡಕ್ಕೆ ಎಷ್ಟು ಬೇಕೋ ಅಷ್ಟನ್ನು ಮಣ್ಣೇ ಕೇಳಿ ಪಡೆಯುವ ಈ ವ್ಯವಸ್ಥೆಗೆ ಯಂತ್ರವೂ ಬೇಡ, ಕರೆಂಟೂ ಬೇಡ.

ಬಣ್ಣ, ಗಾಜಿನ ಲೇಪವಿಲ್ಲದ ಮಡಕೆಯೇ ಆಗಬೇಕು. ಅಡುಗೆಗೆ ಬಳಸಿ ಎಣ್ಣೆ ಜಿಡ್ಡು ಹೀರಿದ್ದು ಪ್ರಯೋಜನಕ್ಕೆ ಬಾರದು. ಬೇಸಿಗೆಯಲ್ಲಿ ಕುಡಿಯುವ ನೀರಿಗಿಟ್ಟ ಮಡಕೆ ಒಂದೆರಡು ವರ್ಷಕ್ಕೆ ನೀರು ತಣ್ಣಗೆ ಮಾಡುವುದನ್ನು ಬಿಡುತ್ತದೆ. ಗಡಸು ನೀರಿನ ಉಪ್ಪು ರಂಧ್ರಗಳನ್ನು ಮುಚ್ಚಿರುವುದೇ ಕಾರಣ. ಅದನ್ನು ತೆಂಗಿನ ನಾರಿನಿಂದ ಉಜ್ಜಿ, ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಿರಿ. ಆಮೇಲೆ ನೀರು ತುಂಬಿ ಒಣನೆಲದ ಮೇಲಿಡಿ. ಕೆಲವು ಗಂಟೆಗಳಲ್ಲಿ ಹೊರಮೈ ತೇವವಾದರೆ ಅದು ಗೆದ್ದಂತೆ. ತಳದಲ್ಲಿ ಬಿರುಕಿದ್ದರೆ ಎಂ-ಸೀಲ್ ಮೆತ್ತಿ.

ಮಡಕೆಗಿಂತ ಸ್ವಲ್ಪ ದೊಡ್ಡ ಗುಂಡಿ ತೆಗೆದು, ಕುತ್ತಿಗೆ ಎರಡು ಮೂರು ಬೆರಳು ಮೇಲಿರುವಂತೆ ಇಳಿಸಿ, ಸುತ್ತ ಮಣ್ಣನ್ನು ಚೆನ್ನಾಗಿ ಅದುಮಿ. ಗಾಳಿ ಸಂದು ಉಳಿದರೆ ನೀರು ದಾಟುವುದಿಲ್ಲ. ಗಿಡಗಳನ್ನು ಮಡಕೆಯಿಂದ ಒಂದು ಗೇಣಿನೊಳಗೆ ನೆಡಿ: ಬದನೆ, ಮೆಣಸಿನಕಾಯಿ, ಹೀರೆ, ಸೋರೆ. ಬಾಯಿಗೆ ಹಂಚಿನ ಚೂರು ಅಥವಾ ತೆಂಗಿನ ಚಿಪ್ಪು ಮುಚ್ಚಿ. ಇಲ್ಲೂ ಸೊಳ್ಳೆಯ ಮಾತು ಮರೆಯಬೇಡಿ. ಹೊಸದಾಗಿ ನೆಟ್ಟ ಮಾವು, ನಿಂಬೆ ಸಸಿಯ ಪಕ್ಕ ಒಂದು ಕುಡಿಕೆ ಹೂತರೆ ಮೊದಲ ಬೇಸಿಗೆ ದಾಟಿಸುವುದು ಸುಲಭ.

ಎಣ್ಣೆಯ 15 ಕಿಲೋ ಟಿನ್ನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅಂಚನ್ನು ಸುತ್ತಿಗೆಯಿಂದ ಒಳಮಡಿಸಿ, ತಳಕ್ಕೆ ತೂತು ಹೊಡೆದರೆ ಕೊತ್ತಂಬರಿ, ಮೆಂತ್ಯಕ್ಕೆ ಸಾಕು. ತಗಡು ಬಿಸಿಲಿಗೆ ಕಾಯುತ್ತದೆ, ಒಳಗೋಡೆಗೆ ಗೋಣಿಚೀಲ ಹಾಸಿ. ತುಕ್ಕು ಹಿಡಿದು ತೂತಾದ ಮೇಲೆ ಗುಜರಿಗೆ ಕೊಡಿ, ಲೋಹಕ್ಕೆ ಅಲ್ಲೂ ಬೆಲೆಯಿದೆ.

ತರಕಾರಿ ಬೆಳೆಯಲು ಬಳಸಬಾರದ್ದೂ ಇವೆ. ಕೀಟನಾಶಕದ ಡಬ್ಬ ಎಷ್ಟು ತೊಳೆದರೂ ಬೇಡ. ಎಣ್ಣೆ ಪೇಂಟಿನ ಡಬ್ಬ ಬೇಡ. ಟೈರಿನಲ್ಲಿ ಸತು ಮತ್ತು ಹಾನಿಕರ ರಾಸಾಯನಿಕಗಳಿವೆ, ಮಳೆನೀರೂ ಅದರ ಒಳಮಡಿಕೆಯಲ್ಲಿ ನಿಲ್ಲುತ್ತದೆ. ಮನೆ ಕೆಡವುವಾಗ ಸಿಗುವ ಹಳೇ ಕಿಟಕಿ, ಬಾಗಿಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ಪುಡಿ ಹಾರಿಸಬೇಡಿ, ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ.

ಒಂದು ಸೀರೆಯ ಕೌದಿ

ಹಳೇ ಬಟ್ಟೆಯ ಪದರಗಳನ್ನು ಕೈಯಲ್ಲಿ ಹೊಲಿದು ಮಾಡುವ ಹೊದಿಕೆ, ಅಂದರೆ ಕೌದಿ, ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯಂತೂ ಈಗ ದೇಶದ ಆಚೆಗೂ ಹೆಸರಾಗಿದೆ. ಅವರು ಅಂಚಿನಿಂದ ಶುರುಮಾಡಿ ತುಂಡು ತುಂಡು ಸೇರಿಸುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಣ್ಣದ ತುಂಡುಗಳಿಂದ ‘ಫೂಲ’, ಅಂದರೆ ಹೂವು, ಕೂರಿಸುತ್ತಾರೆ. ಆ ಕೈಚಳಕ ಒಂದು ವಾರಾಂತ್ಯದಲ್ಲಿ ಬರುವಂಥದ್ದಲ್ಲ. ಆದರೆ ಮಗುವಿಗೆ ಹೊದಿಸುವಷ್ಟು ಸಣ್ಣ ಕೌದಿಯನ್ನು ಸೂಜಿ ಹಿಡಿಯಲು ಬಲ್ಲ ಯಾರೂ ಹೊಲಿಯಬಹುದು.

ನೂಲಿನ ಸೀರೆಯೇ ಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಅದು ಮೇಲೆ ಹೇಳಿದ ಕ್ಯಾನಿನ ಪಟ್ಟಿಗಿರಲಿ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಸುಮ್ಮನೆ ಹರಿಯುವ ಭಾಗ ಒಳಪದರಕ್ಕೆ, ಸೆರಗಿನಂಥ ಗಟ್ಟಿ ಭಾಗ ಹೊರಗೆ ಬರಬೇಕು. ಬಿಸಿನೀರಿನಲ್ಲಿ ಒಗೆದು ಗಂಜಿ ಪೂರ್ತಿ ಬಿಡಿಸಿ, ಬಿಸಿಲಲ್ಲಿ ಒಣಗಿಸಿ.

ಐದೂವರೆ ಮೀಟರಿನ ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದರೆ ಹೆಚ್ಚುಕಡಿಮೆ 1.35 ಮೀಟರ್ ಉದ್ದ, 1.15 ಮೀಟರ್ ಅಗಲದ ನಾಲ್ಕು ಪದರ ಸಿಗುತ್ತದೆ. ಕತ್ತರಿಯೇ ಬೇಕಾಗಿಲ್ಲ. ನೆಲದ ಮೇಲೆ ಹಾಸಿ, ಸುಕ್ಕು ನೀವಿ, ನಾಲ್ಕೂ ಮೂಲೆಗೆ ಭಾರವಿಟ್ಟು, ಮೊದಲು ಅಡ್ಡಕ್ಕೂ ಉದ್ದಕ್ಕೂ ಆಮೇಲೆ ಬಿಚ್ಚುವಂಥ ದೊಡ್ಡ ದೊಡ್ಡ ಹೊಲಿಗೆ ಹಾಕಿ. ಪದರ ಜಾರದಂತೆ ಹಿಡಿಯುವುದು ಇದೇ. ಈ ಹೊತ್ತಿನಲ್ಲಿ ಅವಸರ ಮಾಡಿದರೆ ಕೊನೆಗೆ ಕೌದಿ ಒಂದು ಕಡೆ ಉಬ್ಬಿ ನಿಲ್ಲುತ್ತದೆ.

ಬಿಡಿ ಅಂಚುಗಳನ್ನು ಒಂದು ಸೆಂ.ಮೀ. ಒಳಮಡಿಸಿ ಹೊಲಿದು, ಅಂಚಿನಿಂದ ಒಳಗೆ ಒಂದು ಬೆರಳಗಲ ಬಿಟ್ಟು ಮುಂದಿನ ಸಾಲು ಹಿಡಿಯಿರಿ. ಗಟ್ಟಿ ನೂಲಿನ ದಾರವನ್ನು ಜೋಡೆಳೆ ಮಾಡಿ, ನಾಲ್ಕೂ ಪದರ ದಾಟುವಂತೆ ಸೂಜಿ ಕೆಳಗಿಳಿಸಿ ಮೇಲೆತ್ತಿ. ದಾರವನ್ನು ಬಿಗಿಯಾಗಿ ಎಳೆಯಬೇಡಿ, ಬಟ್ಟೆ ನೆರಿಗೆಗಟ್ಟುತ್ತದೆ. ಸವೆದು ತೆಳುವಾದ ಜಾಗ, ತೂತು ಕಂಡಲ್ಲಿ ಮಗನ ಹಳೇ ಅಂಗಿಯದೋ, ಅಜ್ಜಿಯ ಕುಪ್ಪಸದ್ದೋ ತುಂಡನ್ನಿಟ್ಟು ಅದೇ ಸಾಲಿನಲ್ಲಿ ಹೊಲಿದುಕೊಂಡು ಹೋಗಿ. ಮನೆಯವರೆಲ್ಲ ಸಂಜೆ ಹೊತ್ತು ಸುತ್ತ ಕೂತು ನಾಲ್ಕು ಸಾಲು ಹಾಕಿದರೆ ಕೆಲಸವೂ ಬೇಗ ಸಾಗುತ್ತದೆ, ಮಕ್ಕಳಿಗೂ ಸೂಜಿ ಹಿಡಿಯುವುದು ಬರುತ್ತದೆ.

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಯ ಜೊತೆ ಸೇರಿಸದೆ. ತುಂಡುಗಳ ಬಣ್ಣ ಬಿಡಬಹುದು. ಹಿಂಡದೆ ನೀರು ಇಳಿಸಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಮೇಲಿನ ಪದರ ಸವೆದಾಗ ಅದನ್ನು ಕೀಳಬೇಡಿ, ಅದರ ಮೇಲೆಯೇ ಇನ್ನೊಂದು ಹಳೇ ಸೀರೆಯ ಪದರ ಹಾಸಿ ಹೊಲಿಯಿರಿ.